ಸೊನ್ನೆ ಸೆಂಟಿಮೀಟರಿಗೆ ಮೂವತ್ತೆರಡು ಲೀಟರ್

ಮಾರ್ಚ್ ೩, ಸೋಮವಾರ

ಮ್ಯಾನೇಜರ್ ಇವತ್ತು ಕರೆಸಿ ಕುರ್ಚಿ ತೋರಿಸಿದರು. ಆಗಲೇ ನನ್ನ ಕಿವಿ ನೆಟ್ಟಗಾಗಬೇಕಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕೂತದ್ದು ಇದು ಎರಡನೇ ಸಲ. ಮೊದಲನೇ ಸಲ ಕಾಲು ಉಳುಕಿತ್ತು.

ವಿಷಯ ಇಷ್ಟು. ನಮ್ಮ ಡೈರಿಗೆ ಮೂರನೇ ಟ್ಯಾಂಕು ಬಂದಿದೆ, ಎಲ್ಲೋ ಬಾಗಿಲು ಹಾಕಿದ ಡೈರಿಯೊಂದರಿಂದ ಕೊಂಡ ಹಳೇ ಮಾಲು. ಟ್ಯಾಂಕೇನೋ ಬಂತು, ಅದರ ಅಳತೆ ಪಟ್ಟಿ ಬರಲಿಲ್ಲ. ಪಟ್ಟಿ ಇಲ್ಲದಿದ್ದರೆ ನನಗೆ ಕಣ್ಣಿಲ್ಲ. ಟ್ಯಾಂಕಿನ ಮೇಲಿನ ಬಾಯಿಂದ ಸ್ಟೀಲ್ ಕೋಲು ಇಳಿಸುತ್ತೇನೆ, ಎಷ್ಟು ಸೆಂಟಿಮೀಟರ್ ಒದ್ದೆಯಾಯಿತು ನೋಡುತ್ತೇನೆ, ಗೋಡೆಯ ಪಟ್ಟಿಯಲ್ಲಿ ಅದರ ಎದುರು ಎಷ್ಟು ಲೀಟರ್ ಇದೆಯೋ ಅದನ್ನು ರಿಜಿಸ್ಟರಿಗೆ ಬರೆಯುತ್ತೇನೆ. ಟ್ಯಾಂಕು ದೊಡ್ಡ ಡ್ರಮ್ಮಿನ ಹಾಗೆ ಅಡ್ಡ ಮಲಗಿರುತ್ತದೆ. ಆದ್ದರಿಂದ ತಳದ ಹತ್ತು ಸೆಂಟಿಮೀಟರಿಗೂ ನಡುವಿನ ಹತ್ತು ಸೆಂಟಿಮೀಟರಿಗೂ ಅಜಗಜಾಂತರ, ಊಹೆ ನಡೆಯುವುದಿಲ್ಲ. ಮೊದಲೆರಡು ಟ್ಯಾಂಕಿನ ಪಟ್ಟಿ ಬರೆದವರು ಕೋಲಜ್ಜ. ನನಗೆ ಈ ಕೆಲಸ ಕಲಿಸಿದವರೂ ಅವರೇ, ತೀರಿಕೊಂಡು ಆರು ವರ್ಷವಾಯಿತು. ಪಟ್ಟಿ ಹೇಗೆ ಮಾಡಿದರೋ ನನಗೆ ಗೊತ್ತಿಲ್ಲ. ನಾನು ಸೇರುವ ಮೊದಲೇ ಅದು ಗೋಡೆ ಏರಿತ್ತು, ನಾನು ಕೇಳಲೂ ಇಲ್ಲ.

ಮ್ಯಾನೇಜರ್ ಹೇಳಿದ್ದು: ತಿಂಗಳ ಕೊನೆಗೆ ಹಾಲು ತುಂಬಬೇಕು. ಅಷ್ಟರಲ್ಲಿ ಪಟ್ಟಿ ಆಗದಿದ್ದರೆ ಮೂರೂ ಟ್ಯಾಂಕಿಗೆ ತಾನೇ ಅಳೆಯುವ ಯಂತ್ರ ಕೂರಿಸುತ್ತಾರೆ. ನನ್ನನ್ನು ಪ್ಯಾಕಿಂಗ್ ಕೋಣೆಗೆ ಹಾಕುತ್ತಾರೆ, ಪೊಟ್ಟಣ ಸೋರುತ್ತಿದೆಯಾ ಅಂತ ಒತ್ತಿ ನೋಡುವ ಕೆಲಸಕ್ಕೆ. ಸಂಬಳ ಅಷ್ಟೇ ಇರುತ್ತೆ ಅಂದರು, ದೊಡ್ಡ ಉಪಕಾರ ಮಾಡಿದವರ ಹಾಗೆ. ನೀರು ತುಂಬಿ ಅಳೆಯೋಣ ಅಂದೆ. ಅದಕ್ಕೆ ನಲ್ಲಿ ಕೂರಿಸುವುದೇ ಇಪ್ಪತ್ತೆಂಟನೇ ತಾರೀಖು, ಆಮೇಲೆ ಸಮಯವಿಲ್ಲ ಅಂದರು.

ನಾನು ಸುಮ್ಮನಿರಬೇಕಿತ್ತು. “ಪಟ್ಟಿ ನಾನೇ ಮಾಡ್ತೀನಿ ಸಾರ್” ಅಂದುಬಿಟ್ಟೆ.

ಮಾರ್ಚ್ ೫, ಬುಧವಾರ

ಎರಡು ಸಂಜೆ ಕ್ಯಾಲ್ಕುಲೇಟರ್ ಒತ್ತಿ ಬೆರಳು ಸವೆದವು. ಹತ್ತನೇ ತರಗತಿಯಲ್ಲಿ ಗಣಿತಕ್ಕೆ ತೊಂಬತ್ತೊಂದು ತೆಗೆದವಳು ನಾನು. ಆದರೆ ಅಡ್ಡ ಮಲಗಿದ ಸಿಲಿಂಡರ್ ಅರೆಬರೆ ತುಂಬಿದ್ದರೆ ಅದರಲ್ಲಿ ಎಷ್ಟಿದೆ ಅನ್ನುವ ಸೂತ್ರ ನಮಗೆ ಪಾಠವಿರಲಿಲ್ಲ. ಪೂರ್ತಿ ತುಂಬಿದ್ದು, ಪೂರ್ತಿ ಖಾಲಿಯಾದದ್ದು ಎರಡೇ ಇದ್ದವು. ಬದುಕಿನಲ್ಲಿ ಆ ಎರಡು ಟ್ಯಾಂಕು ನಾನು ನೋಡಿದ್ದು ಕಡಿಮೆ.

ನಮ್ಮವರು ಪೇಪರಿನಿಂದ ತಲೆ ಎತ್ತದೆ, “ಮನೇಲೇ ಮೇಡಂ ಇಟ್ಕೊಂಡು ಒಬ್ಬಳೇ ಒದ್ದಾಡ್ತೀಯಲ್ಲ” ಅಂದರು.

ಮನೆಯ ಮೇಡಂ ಅಂದರೆ ನನ್ನ ಮೈದುನನ ಹೆಂಡತಿ, ನನ್ನ ವಾರಗಿತ್ತಿ. ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಸಿ ಪ್ರೋಗ್ರಾಮಿಂಗ್ ಹೇಳಿಕೊಡುತ್ತಾಳೆ. ಮನೆಗೆ ಬಂದು ಮೂರು ವರ್ಷ. ಬಂದ ಹೊಸದರಲ್ಲೇ ಫೋನಿನಲ್ಲಿ ಯಾರಿಗೋ, “ಅಕ್ಕಂದು ಡೈರೀಲಿ ಕೋಲು ಅದ್ದೋ ಕೆಲಸ” ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಅವತ್ತಿನಿಂದ ನಾವಿಬ್ಬರೂ ಉಪ್ಪು ಕೊಡು, ಬಾಗಿಲು ಹಾಕು ಅನ್ನುವಷ್ಟು ಮಾತಾಡುತ್ತೇವೆ. ಜಗಳವಿಲ್ಲ. ಜಗಳವಾದರೂ ಆಡಿದ್ದರೆ ಇಬ್ಬರ ದನಿಯಾದರೂ ಪರಿಚಯವಾಗುತ್ತಿತ್ತು.

ಕಾಲೇಜು ಮೇಡಂ ಹತ್ತಿರ ಹೋಗುವುದಕ್ಕಿಂತ ಪೊಟ್ಟಣ ಒತ್ತುವುದೇ ಮೇಲು.

ಮಾರ್ಚ್ ೬, ಗುರುವಾರ

ಹೋದೆ. ಪ್ಯಾಕಿಂಗ್ ಕೋಣೆಯ ಕಡೆಯಿಂದ ಹಾದು ಬಂದೆ ಇವತ್ತು. ಕಿಟಕಿಯಿಲ್ಲ, ಇಡೀ ದಿನ ಒಂದೇ ಸದ್ದು. ಟ್ಯಾಂಕಿನ ಏಣಿ ಮೇಲೆ ನಿಂತರೆ ಬೆಳಗಿನ ಗಾಳಿ ಮುಖಕ್ಕೆ ಹೊಡೆಯುತ್ತದೆ. ಅದನ್ನು ಬಿಡಲಾರೆ.

ಕಾಲೇಜು ಮೇಡಂ ಕೇಳಿಸಿಕೊಂಡಳು, ಕಾಗದದ ಮೇಲೆ ಒಂದು ವೃತ್ತ ಬರೆದಳು, “ಹತ್ತು ನಿಮಿಷದ ಕೆಲಸ ಅಕ್ಕ, ನಾನೇ ಬರೆದು ಪ್ರಿಂಟ್ ಹಾಕಿ ಕೊಡ್ತೀನಿ” ಅಂದಳು. ಆ ಹತ್ತು ನಿಮಿಷ ನನಗೆ ಚುರುಕ್ ಅಂದಿತು. ನನಗೆ ಅರ್ಥವಾಗದ ಪಟ್ಟಿಗೆ ನಾನು ಸಹಿ ಹಾಕುವುದಿಲ್ಲ, ಕಲಿಸುವುದಾದರೆ ಕಲಿಸು, ಇಲ್ಲದಿದ್ದರೆ ಬೇಡ ಅಂದೆ. ಅವಳು ನನ್ನ ಮುಖ ನೋಡಿದಳು. ದಿನಾ ಸಂಜೆ ಆರೂವರೆಗೆ, ಊಟದ ಮೇಜಿನ ಮೇಲೆ, ಅಂದಳು.

ಇವತ್ತೇ ಶುರು. ಮೊದಲ ಪ್ರೋಗ್ರಾಂ: ತ್ರಿಜ್ಯ ಕೊಟ್ಟರೆ ವೃತ್ತದ ವಿಸ್ತೀರ್ಣ. ಆರು ಸಾಲು ಬರೆಯಲು ಒಂದು ಗಂಟೆ. ಪ್ರತಿ ಸಾಲಿನ ಕೊನೆಗೆ ಒಂದು ಸೆಮಿಕೋಲನ್ ಇಡಬೇಕು, ಒಂದು ಬಿಟ್ಟರೆ ಕಂಪ್ಯೂಟರ್ ಐದು ತಪ್ಪು ತೋರಿಸುತ್ತದೆ. ಅತ್ತೆ ಇದ್ದಿದ್ದರೆ ಈ ಯಂತ್ರಕ್ಕೂ ಅವರಿಗೂ ಚೆನ್ನಾಗಿ ಹೊಂದುತ್ತಿತ್ತು.

ಮಾರ್ಚ್ ೮, ಶನಿವಾರ

ತ್ರಿಜ್ಯವನ್ನು ಪ್ರೋಗ್ರಾಮಿನ ಒಳಗೇ ಬರೆಯುವ ಬದಲು ನಾವು ಒತ್ತಿ ಕೊಡುವುದು ಹೇಗೆ ಅಂತ ಇವತ್ತಿನ ಪಾಠ. ಸ್ಕ್ಯಾನ್‌ಎಫ್ ಅಂತ ಬರೆದು ತ್ರಿಜ್ಯದ ಹೆಸರು ಬರೆದೆ. ಒತ್ತಿದ ಕೂಡಲೇ ಎಲ್ಲ ಬಿದ್ದುಹೋಯಿತು. ಹೆಸರಿನ ಹಿಂದೆ ಒಂದು ಸೊಟ್ಟ ಗುರುತು ಹಾಕಬೇಕಂತೆ. ಅದು ವಿಳಾಸ ಅಕ್ಕ, ಸಂಖ್ಯೆಯನ್ನು ಎಲ್ಲಿ ಇಡಬೇಕು ಅಂತ ಹೇಳಬೇಕು ಅಂದಳು ಮೇಡಂ. ಮನೆ ನಂಬರ್ ಹೇಳದೆ ಹಾಲು ಹಾಕಿ ಬಾ ಅಂದ ಹಾಗೆ, ಅಲ್ಲವಾ ಅಂದೆ.

ಅವಳು ಪೆನ್ನು ಕೆಳಗಿಟ್ಟು ನಕ್ಕಳು. ಇದನ್ನು ಸೋಮವಾರ ಕ್ಲಾಸಿನಲ್ಲಿ ಹೇಳುತ್ತೇನೆ ಅಂದಳು. ಹೇಳಿಕೊಳ್ಳಲಿ, ನನ್ನದೇನು ಹೋಗುತ್ತೆ.

ಮಾರ್ಚ್ ೯, ಭಾನುವಾರ

ಪಾಠವಿಲ್ಲ. ಬಟ್ಟೆ ಒಗೆದೆ. ಆರೂವರೆಗೆ ಸುಮ್ಮನೆ ಮೇಜಿನ ಹತ್ತಿರ ಹೋಗಿ ಬಂದೆ.

ಮಾರ್ಚ್ ೧೨, ಬುಧವಾರ

ಇವತ್ತು ನಗುವುದೋ ಅಳುವುದೋ ಗೊತ್ತಾಗಲಿಲ್ಲ. ನನ್ನ ಕೆಲಸಕ್ಕೆ ಹತ್ತಿರವಾದ ಸೂತ್ರ ಒಂದನ್ನು ನಾನೇ ಆರಿಸಿದೆ. ನಮ್ಮ ಹಳೇ ಥರ್ಮಾಮೀಟರ್ ತೋರಿಸುವುದು ಫ್ಯಾರನ್‌ಹೀಟ್, ರಿಜಿಸ್ಟರಿಗೆ ಬೇಕಾದ್ದು ಸೆಲ್ಸಿಯಸ್. ಮೂವತ್ತೆರಡು ಕಳೆದು ಐದು ಭಾಗ ಒಂಬತ್ತರಿಂದ ಗುಣಿಸಬೇಕು, ಇಪ್ಪತ್ತೆರಡು ವರ್ಷದಿಂದ ಬಾಯಲ್ಲೇ ಮಾಡುತ್ತೇನೆ. ಬರೆದೆ. ನಲವತ್ತು ಕೊಟ್ಟೆ, ಸೊನ್ನೆ ಬಂತು. ನೂರು ಕೊಟ್ಟೆ, ಸೊನ್ನೆ. ಕುದಿಯುವ ಹಾಲಿನ ಇನ್ನೂರ ಹನ್ನೆರಡು ಕೊಟ್ಟೆ, ಅದಕ್ಕೂ ಸೊನ್ನೆ. ಹಾಲೆಲ್ಲ ಮಂಜುಗಡ್ಡೆ.

ಅರ್ಧ ಗಂಟೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಸೆಮಿಕೋಲನ್ ಎಲ್ಲ ಸರಿಯಾಗಿವೆ, ವಿಳಾಸ ಇದೆ. ಯಂತ್ರ ಕೆಟ್ಟಿದೆ ಅಂದೆ. ಮೇಡಂ ಅಡುಗೆಮನೆಯಿಂದಲೇ, “ಐದನ್ನ ಒಂಬತ್ತರಿಂದ ಭಾಗಿಸಿದ್ರೆ ಪೂರ್ತಿ ಎಷ್ಟು ಸಲ ಹೋಗುತ್ತೆ ಅಕ್ಕ?” ಅಂತ ಕೇಳಿದಳು. ಒಂದು ಸಲವೂ ಹೋಗಲ್ಲ. ಎರಡೂ ಪೂರ್ಣಾಂಕ ಕೊಟ್ಟರೆ ಸಿ ಭಾಷೆ ಪೂರ್ತಿ ಹೋದದ್ದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಸಾಕುತ್ತದೆ. ಐದರ ಮುಂದೆ ಒಂದು ಚುಕ್ಕಿ, ಒಂದು ಸೊನ್ನೆ ಇಟ್ಟರೆ ಸರಿ. ಇಟ್ಟೆ. ನಲವತ್ತಕ್ಕೆ ನಾಲ್ಕು ಚಿಲ್ಲರೆ ಬಂತು, ನಮ್ಮ ತಣ್ಣನೆ ಹಾಲಿನ ಬಿಸಿ.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಉತ್ತರ ಹೇಳದೆ ಪ್ರಶ್ನೆ ಕೇಳಿದ್ದು ನನಗೆ ಹಿಡಿಸಿತು. ಕೋಲಜ್ಜನೂ ಹಾಗೇ ಮಾಡುತ್ತಿದ್ದರು.

ಮಾರ್ಚ್ ೧೬, ಭಾನುವಾರ

ಪಾಠಕ್ಕೆ ರಜಾ ಇದ್ದರೂ ಕೂತೆವು. ಇವತ್ತು ನಿಜವಾದ ಸೂತ್ರ. ನಮ್ಮ ಮೇಡಂ ಚೆನ್ನಾಗಿ ಬಿಡಿಸಿ ಹೇಳಿದಳು. ಟ್ಯಾಂಕನ್ನು ಅಡ್ಡ ಕೊಯ್ದರೆ ಒಂದು ವೃತ್ತ. ಅದರಲ್ಲಿ ಹಾಲಿರುವ ಭಾಗ ಬೋಗುಣಿಯ ಆಕಾರ. ಆ ಬೋಗುಣಿಯ ವಿಸ್ತೀರ್ಣ ಸಿಕ್ಕಿದರೆ ಅದನ್ನು ಟ್ಯಾಂಕಿನ ಉದ್ದದಿಂದ ಗುಣಿಸಿದರಾಯಿತು. ಬೋಗುಣಿಗೆ ಒಂದು ಕೋನ ಬೇಕು, ಒಂದು ವರ್ಗಮೂಲ ಬೇಕು. ಎರಡನ್ನೂ ಸಿ ಭಾಷೆ ಕೇಳಿದರೆ ಕೊಡುತ್ತದೆ.

ನಾನು ತ್ರಿಜ್ಯದ ವರ್ಗ ಅಂತ ತ್ರಿಜ್ಯದ ಮೇಲೆ ಟೋಪಿ ಇಟ್ಟು ಎರಡು ಬರೆದೆ, ಕಾಗದದಲ್ಲಿ ಬರೆಯುವ ಹಾಗೆ. ಮೊದಲು ಒಂಬತ್ತು ಇಟ್ಟು ನೋಡಿದೆ. ಒಂಬತ್ತರ ವರ್ಗ ಹನ್ನೊಂದು ಅಂತ ಬಂತು. ನಾನು ಬೆಪ್ಪಾಗಿ ಕೂತೆ. ಇಲ್ಲಿ ಟೋಪಿಗೆ ಬೇರೆಯೇ ಅರ್ಥವಂತೆ, ವರ್ಗ ಬೇಕಿದ್ದರೆ ಸುಮ್ಮನೆ ಎರಡು ಸಲ ಗುಣಿಸಬೇಕಂತೆ. ತನ್ನ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ಇದೇ ಗುಂಡಿಗೆ ಬೀಳುತ್ತಾರೆ, ನೀವು ಬಿದ್ದು ಬೇಗ ಎದ್ದಿರಿ ಅಂದಳು. ಹೊಗಳಿದಳಾ ಆಡಿಕೊಂಡಳಾ ಅಂತ ಯೋಚಿಸಿದೆ. ಹೊಗಳಿದ್ದೇ ಇರಬೇಕು.

ನಮ್ಮವರೂ ಮೈದುನನೂ ಟೀ ತಾವೇ ಮಾಡಿಕೊಂಡು ಕುಡಿದರು. ಯಾರೂ ಸತ್ತಿಲ್ಲ.

ಮಾರ್ಚ್ ೧೮, ಮಂಗಳವಾರ

ಎದೆ ಧಸಕ್ ಅಂದಿದೆ, ಬರೆದರೆ ಸ್ವಲ್ಪ ಇಳಿಯಬಹುದು.

ಪ್ರೋಗ್ರಾಂ ಆಯಿತು. ಮೂರನೇ ಟ್ಯಾಂಕಿಗೆ ಹಾಕುವ ಮೊದಲು ಒಂದನೇ ಟ್ಯಾಂಕಿನ ಮೇಲೆ ಪರೀಕ್ಷೆ ಮಾಡೋಣ ಅಂದೆ, ಅದಕ್ಕೆ ಕೋಲಜ್ಜನ ಪಟ್ಟಿ ಇದೆಯಲ್ಲ. ಉದ್ದ ನಾಲ್ಕು ಮೀಟರ್, ತ್ರಿಜ್ಯ ತೊಂಬತ್ತು ಸೆಂಟಿಮೀಟರ್. ಎರಡೂ ಪಕ್ಕಪಕ್ಕ ಪ್ರಿಂಟ್ ತೆಗೆದೆವು. ಹತ್ತು ಸೆಂಟಿಮೀಟರಿಗೆ ಪ್ರೋಗ್ರಾಂ ಇನ್ನೂರ ಇಪ್ಪತ್ತೆರಡು ಲೀಟರ್ ಅನ್ನುತ್ತದೆ, ಪಟ್ಟಿ ಇನ್ನೂರ ತೊಂಬತ್ತೇಳು ಅನ್ನುತ್ತದೆ. ತೊಂಬತ್ತಕ್ಕೆ ಪ್ರೋಗ್ರಾಂ ಐದು ಸಾವಿರದ ಎಂಬತ್ತೊಂಬತ್ತು, ಪಟ್ಟಿ ಐದು ಸಾವಿರದ ಇನ್ನೂರ ಮೂವತ್ತೈದು. ಕೆಳಗಿನಿಂದ ಮೇಲಿನವರೆಗೆ ಪಟ್ಟಿಯೇ ಹೆಚ್ಚು ಹೇಳುತ್ತದೆ.

ಮೇಡಂ ಪಟ್ಟಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಸೊನ್ನೆ ಸೆಂಟಿಮೀಟರ್, ಮೂವತ್ತೆರಡು ಲೀಟರ್. ಹಾಲೇ ಇಲ್ಲದ ಕಡೆ ಮೂವತ್ತೆರಡು ಲೀಟರ್ ಇರೋಕೆ ಆಗುತ್ತಾ ಅಕ್ಕ, ಪಟ್ಟಿ ಬರೆದವರು ಎಲ್ಲೋ ಎಡವಿದ್ದಾರೆ ಅಂದಳು, ಮೆತ್ತಗೆ. ಕೋಲಜ್ಜ ಎಡವುವವರಲ್ಲ ಅಂತ ಎದ್ದು ಬಂದೆ.

ಮಾರ್ಚ್ ೧೯, ಬುಧವಾರ

ಪ್ರೋಗ್ರಾಮಿನಲ್ಲೇ ತಪ್ಪಿರಬೇಕು. ಪ್ರತಿ ಸಾಲನ್ನೂ ಕೋಲು ತೊಳೆದ ಹಾಗೆ ತೊಳೆದೆ. ಪೂರ್ಣಾಂಕದ ಭಾಗಾಕಾರ ಎಲ್ಲೂ ಇಲ್ಲ, ಟೋಪಿ ಇಲ್ಲ. ಕೋನವನ್ನು ಡಿಗ್ರಿಯಲ್ಲಿ ಕೊಟ್ಟೆನಾ ನೋಡಿದೆ, ಇಲ್ಲ. ಐದು ಸೆಂಟಿಮೀಟರಿನ ಉತ್ತರವನ್ನು ಕೈಯಲ್ಲೇ ಲೆಕ್ಕ ಹಾಕಿದೆ, ಪ್ರೋಗ್ರಾಂ ಹೇಳಿದ್ದೇ ಬಂತು. ತಪ್ಪು ಸಿಗಲಿ ಅಂತ ಇಷ್ಟು ಆಸೆಪಟ್ಟು ಹುಡುಕಿದ್ದು ಜೀವನದಲ್ಲಿ ಮೊದಲು.

ಪ್ರೋಗ್ರಾಂ ಸರಿಯಾಗಿದ್ದರೆ ನಾನು ಇಪ್ಪತ್ತೆರಡು ವರ್ಷ ಇಲ್ಲದ ಹಾಲನ್ನು ಇದೆ ಅಂತ ಬರೆದೆ.

ಮಾರ್ಚ್ ೨೦, ಗುರುವಾರ

ನನ್ನ ಕೈಯಾರೆ ಆಯಿತು. ಆ ಪ್ರಿಂಟನ್ನು ಗುರುತಿಗೆ ಅಂತ ರಿಜಿಸ್ಟರಿನ ಒಳಗೆ ಇಟ್ಟಿದ್ದೆ. ಮ್ಯಾನೇಜರ್ ದಿನಾ ರಿಜಿಸ್ಟರ್ ನೋಡುತ್ತಾರೆ ಅನ್ನುವುದು ನೆನಪಿದ್ದರೂ ಮರೆತೆ. ಎರಡು ಅಂಕಣ, ಮೇಲೆ ನನ್ನದೇ ಅಕ್ಷರದಲ್ಲಿ ‘ಪಟ್ಟಿ’, ‘ಪ್ರೋಗ್ರಾಂ’ ಅಂತ ಬರೆದದ್ದು. ಓದಿದರು, ಹುಬ್ಬೇರಿಸಿದರು. ಕಂಪ್ಯೂಟರ್ ಸುಳ್ಳು ಹೇಳಲ್ಲವಲ್ಲ ಅಂದರು. ಸೋಮವಾರದಿಂದ ಹಳೇ ಪಟ್ಟಿ ಇಳಿಸಿ ಇದನ್ನೇ ಹಾಕಿ, ಮೂರನೇದಕ್ಕೂ ಇದೇ ಪ್ರೋಗ್ರಾಂ ಸಾಕು, ಒಳ್ಳೇ ಕೆಲಸ ಮಾಡಿದ್ದೀರಿ ಅಂದರು.

ಒಳ್ಳೇ ಕೆಲಸ! ಏಣಿಯ ಬುಡದಲ್ಲಿ ಸ್ವಲ್ಪ ಹೊತ್ತು ನಿಂತೆ. ಕೆಲಸ ಉಳಿಯಿತು, ನನಗೆ ಅದು ಬೇಡವಾಯಿತು. ನಾಳೆಯಿಂದ ಕೋಲು ಇಳಿಸುವಾಗಲೆಲ್ಲ ನಿನ್ನೆಯವರೆಗಿನ ಸುಳ್ಳು ನೆನಪಾಗುತ್ತದೆ ಅಂದರೆ ಪೊಟ್ಟಣ ಒತ್ತುವುದೇ ವಾಸಿ.

ಮಾರ್ಚ್ ೨೧, ಶುಕ್ರವಾರ

ಊಟ ಸೇರಲಿಲ್ಲ. ಪಾಠಕ್ಕೆ ಹೋಗಲಿಲ್ಲ. ಅವಳು ಎರಡು ಸಲ ಬಾಗಿಲವರೆಗೆ ಬಂದು ಹೋದಳು.

ಮಾರ್ಚ್ ೨೨, ಶನಿವಾರ

ಕೊನೆಗೂ ನಮ್ಮ ಜಗಳ ಆಯಿತು. ಮೂರು ವರ್ಷದಿಂದ ಬಾಕಿ ಇದ್ದದ್ದು, ಒಳ್ಳೇ ಗಟ್ಟಿಯಾಗಿಯೇ ಆಯಿತು.

ಸಂಜೆ ಅವಳೇ ನನ್ನ ಕೋಣೆಗೆ ಬಂದು ಕೂತು, ಸೋಮವಾರದೊಳಗೆ ಮೂರನೇ ಟ್ಯಾಂಕಿನ ಅಂಕಿ ಕೊಡಿ ಅಂದಳು. ನಿನ್ನ ಪ್ರೋಗ್ರಾಂ ನನಗೆ ಬೇಡ ಅಂದೆ. ಸೂತ್ರ ಯಾರದ್ದೂ ಅಲ್ಲ ಅಕ್ಕ, ಅದು ಸುಳ್ಳಾಗೋಕೆ ಸಾಧ್ಯವಿಲ್ಲ, ಬೇಕಾದರೆ ಸೊನ್ನೆಯಿಂದಲೇ ನೋಡಿ ಅಂತ ಮತ್ತೆ ಆ ಮೊದಲ ಸಾಲನ್ನೇ ತೆಗೆದಳು. ಆಗ ನನ್ನ ಮೂಗಿನ ತುದಿಯ ಕೋಪ ಬಾಯಿಗೆ ಬಂತು.

“ಏನು ಸೊನ್ನೆ ಸೊನ್ನೆ ಅಂತೀಯ? ಕೋಲು ಒಣಗಿ ಬಂದ ಮೇಲೂ ನಲ್ಲಿ ತಿರುಗಿಸಿದ್ರೆ ಮುಕ್ಕಾಲು ಕ್ಯಾನ್, ಮೂವತ್ತು ಲೀಟರ್ ಹಾಲು ಬರುತ್ತೆ ಕಣೇ. ದಿನಾ ನಾನೇ ಹಿಡೀತೀನಿ.”

“ಎಲ್ಲಿಂದ ಬರುತ್ತೆ?”

“ಇನ್ನೆಲ್ಲಿಂದ? ಟ್ಯಾಂಕು ನಲ್ಲಿ ಕಡೆಗೆ ಬಾಗಿದೆಯಲ್ಲ. ಇಲ್ಲದಿದ್ರೆ ತೊಳೆದ ನೀರು ಹೊರಗೆ ಹೋಗೋದು ಹೇಗೆ?”

ಅವಳ ಬಾಯಿ ಹಾಗೇ ತೆರೆದಿತ್ತು. ನನ್ನದೂ. ಇಬ್ಬರೂ ಎಷ್ಟು ಹೊತ್ತು ಹಾಗೆ ಕೂತೆವೋ, ನಮ್ಮವರು ಬಂದು ಇಣುಕಿ, ಗಾಬರಿಯಾಗಿ ಹೋದರು.

“ಬಾಗಿದೆ ಅಂತ ನೀವು ನನಗೆ ಹೇಳಲೇ ಇಲ್ಲವಲ್ಲ ಅಕ್ಕ.”

“ನೀನು ಕೇಳಲೇ ಇಲ್ಲವಲ್ಲ.”

ಹೇಳುವುದೇನಿದೆ ಅದರಲ್ಲಿ! ಹಾಲಿನ ಟ್ಯಾಂಕು ಬಾಗಿರುತ್ತದೆ, ಎಲ್ಲರಿಗೂ ಗೊತ್ತು. ಕಾಲೇಜಿನ ವೃತ್ತ ನೆಟ್ಟಗಿರುತ್ತದೆ ಅನ್ನುವುದು ನನಗೆ ಹೇಗೆ ಗೊತ್ತಾಗಬೇಕು? ನಾಳೆ ರಜಾ, ಟ್ಯಾಂಕು ತೋರಿಸಿ ಅಂದಳು. ಊಟ ಚೆನ್ನಾಗಿ ಸೇರಿತು, ಎರಡು ಸಲ ಬಡಿಸಿಕೊಂಡೆ.

ಮಾರ್ಚ್ ೨೩, ಭಾನುವಾರ

ಬೆಳಿಗ್ಗೆ ಆರಕ್ಕೆ ಕರೆದುಕೊಂಡು ಹೋದೆ. ತಲೆಗೆ ಟೋಪಿ, ಕಾಲಿಗೆ ಗಂಬೂಟು ಕೊಟ್ಟೆ. ಬೂಟು ಎರಡು ಸೈಜು ದೊಡ್ಡದು, ಬಾತುಕೋಳಿಯ ಹಾಗೆ ನಡೆದಳು.

ಏಣಿ ಹತ್ತಿಸಿ, ಬಿಸಿನೀರಿನಲ್ಲಿ ತೊಳೆದ ಕೋಲು ಕೈಗೆ ಕೊಟ್ಟು, ಒಂದನೇ ಟ್ಯಾಂಕಿನಲ್ಲಿ ಎಷ್ಟಿದೆ ಅಳೆ ಅಂದೆ. ಅದ್ದಿದಳು. ಅರವತ್ತನಾಲ್ಕು. ಮತ್ತೆ ಅದ್ದು ಅಂದೆ. ಅರವತ್ತೆರಡೂವರೆ. ಮೂರನೇ ಸಲ ಅರವತ್ತೈದು. ಅವಳ ಮುಖ ಸಪ್ಪೆಯಾಯಿತು. ಆಮೇಲೆ ನಾನು ತೋರಿಸಿದೆ: ನೊರೆ ಇಳಿಯುವವರೆಗೆ ಕಾಯಬೇಕು. ಕೋಲು ಓರೆಯಾಗದ ಹಾಗೆ ಎರಡು ಬೆರಳಲ್ಲಿ ತೂಗುಬಿಡಬೇಕು. ತಳ ಮುಟ್ಟಿದ ಸದ್ದು ಬೆರಳಿಗೆ ಕೇಳಿಸಬೇಕು, ಕಿವಿಗಲ್ಲ. ತಕ್ಷಣ ಎತ್ತಿ, ಹನಿ ಜಾರುವ ಮೊದಲು ಓದಬೇಕು. ಅರವತ್ಮೂರು. ಮತ್ತೆ ಅರವತ್ಮೂರು. ಮತ್ತೆ ಅದೇ.

ಅವಳು ಏಣಿಯ ಕಂಬಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. “ಬಂದ ಹೊಸದರಲ್ಲಿ ಕೋಲು ಅದ್ದೋ ಕೆಲಸ ಅಂದಿದ್ದೆ ಅಕ್ಕ. ನೀವು ಕೇಳಿಸ್ಕೊಂಡ್ರಿ ಅಂತ ಅವತ್ತೇ ಗೊತ್ತಾಗಿತ್ತು. ತಪ್ಪಾಯ್ತು ಅನ್ನೋಕೆ ಬಾಯಿ ಬರಲಿಲ್ಲ.”

ಹುಷಾರಾಗಿ ಇಳಿ, ಬೂಟು ದೊಡ್ಡದಿದೆ ಅಂದೆ.

ಆಮೇಲೆ ಟ್ಯಾಂಕು ಎಷ್ಟು ಬಾಗಿದೆ ಅಂತ ಅಳೆದೆವು. ಗಾರೆಯವರು ಗೋಡೆ ಮಟ್ಟ ನೋಡುವ ಹಾಗೆ, ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಂದು ತುದಿ ನಾನು ಹಿಂದುಗಡೆ, ಇನ್ನೊಂದು ತುದಿ ಅವಳು ನಲ್ಲಿ ಕಡೆ ಹಿಡಿದುಕೊಂಡು. ನಾಲ್ಕು ಮೀಟರಿಗೆ ಎಂಟು ಸೆಂಟಿಮೀಟರ್ ಇಳಿಜಾರು. ಕೋಲು ಇಳಿಸುವ ಬಾಯಿ ಟ್ಯಾಂಕಿನ ನಡುವಿನಲ್ಲೂ ಇಲ್ಲ, ನಲ್ಲಿಯಿಂದ ಮೂರು ಮೀಟರ್ ದೂರದಲ್ಲಿ, ಎತ್ತರದ ಕಡೆಗಿದೆ. ಅಲ್ಲಿ ಕೋಲು ಒಣಗಿ ಬಂದರೂ ನಲ್ಲಿ ಕಡೆ ಹಾಲು ನಿಂತಿರುತ್ತದೆ. 

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಬೆಳಿಗ್ಗೆ ಬೇಗ ಏಳುವ ಅಭ್ಯಾಸವಿಲ್ಲ ಪಾಪ. ನಮ್ಮ ಸ್ಟಾಪಿನ ಹಿಂದಿನ ಸ್ಟಾಪಿನವರೆಗೂ ಎಬ್ಬಿಸಲಿಲ್ಲ.

ಮಾರ್ಚ್ ೨೪, ಸೋಮವಾರ

ಮೊದಲು ಮ್ಯಾನೇಜರ್ ಹತ್ತಿರ ಹೋಗಿ, ಕಂಪ್ಯೂಟರ್ ಸುಳ್ಳು ಹೇಳಲಿಲ್ಲ ಸಾರ್, ನಾವು ಅದಕ್ಕೆ ನಿಜ ಪೂರ್ತಿ ಹೇಳಿರಲಿಲ್ಲ, ಹಳೇ ಪಟ್ಟಿ ಇಳಿಸಬೇಡಿ ಅಂದೆ. ಅವರಿಗೆ ಅರ್ಥವಾದ ಹಾಗೆ ಕಾಣಲಿಲ್ಲ. ಮೂವತ್ತೊಂದಕ್ಕೆ ಐದು ಸಾವಿರ ಲೀಟರಿನ ಹತ್ತಿರ ಹಾಲು ತುಂಬಿದ ಟ್ಯಾಂಕರ್ ಬರುತ್ತೆ, ತೂಕದ ಚೀಟಿ ಇರುತ್ತೆ, ಮೂರನೇ ಟ್ಯಾಂಕಿಗೆ ಇಳಿಸಿ ನೋಡೋಣ, ಆ ದಿನ ತಾಳೆಯಾಗದಿದ್ದರೆ ಯಂತ್ರ ತರಿಸುತ್ತೇನೆ ಅಂದರು. ಆಗಲಿ ಅಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

ಸಂಜೆ ಕೂತೆವು. ಬಾಗಿದ ಟ್ಯಾಂಕಿಗೆ ಸೂತ್ರ ತನಗೂ ಗೊತ್ತಿಲ್ಲ, ಪುಸ್ತಕದಲ್ಲೂ ಸುಲಭಕ್ಕೆ ಸಿಗಲ್ಲ ಅಂದಳು. ನನಗೆ ಹೊಳೆದದ್ದು ಇಷ್ಟು: ಟ್ಯಾಂಕನ್ನು ಒಂದೊಂದು ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಕೊಯ್ದರೆ? ಪ್ರತಿ ಬಿಲ್ಲೆಯಲ್ಲೂ ಹಾಲಿನ ಆಳ ಬೇರೆ, ಆದರೆ ಒಂದು ಬಿಲ್ಲೆಯ ಒಳಗೆ ಅದು ನೆಟ್ಟಗಿದ್ದ ಹಾಗೇ. ನಮ್ಮ ಬೋಗುಣಿಯ ಸೂತ್ರವನ್ನೇ ನಾನೂರು ಸಲ ಹಾಕಿ ಕೂಡಿಸಿದರೆ ಆಯಿತಲ್ಲ. ಅವಳು ನನ್ನ ಕೈ ಹಿಡಿದುಕೊಂಡುಬಿಟ್ಟಳು. ನಾನೂರು ಸಲ ಕೂಡಿಸುವುದೇ ಅಕ್ಕ ಈ ಯಂತ್ರಕ್ಕೆ ಚೆನ್ನಾಗಿ ಬರುವ ಕೆಲಸ ಅಂದಳು. ಫಾರ್ ಅಂತ ಶುರುವಾಗುವ ಒಂದು ಸಾಲು ಬರೆದರೆ ಅದು ತಾನೇ ಸುತ್ತುತ್ತದೆ. ಆಳ ಸೊನ್ನೆಗಿಂತ ಕಡಿಮೆ ಬಂದ ಬಿಲ್ಲೆಗೆ ಹಾಲಿಲ್ಲ ಅಂತ ಇನ್ನೊಂದು ಸಾಲು. ಅದನ್ನು ಬರೆದವಳು ನಾನೇ.

ಒಂದನೇ ಟ್ಯಾಂಕು, ಕೋಲು ಸೊನ್ನೆ. ಒತ್ತಿದೆ. ಮೂವತ್ತೊಂದು ಪಾಯಿಂಟ್ ಮೂರು.

ಕೋಲಜ್ಜ ಬರೆದದ್ದು ಮೂವತ್ತೆರಡು. ಹತ್ತಕ್ಕೆ ಇನ್ನೂರ ತೊಂಬತ್ತೈದು, ಅವರದು ಇನ್ನೂರ ತೊಂಬತ್ತೇಳು. ಅವರಿಗೆ ಸೂತ್ರ ಗೊತ್ತಿರಲಿಲ್ಲ, ಇಳಿಜಾರು ಅಳೆದಿರಲಿಕ್ಕಿಲ್ಲ. ಹಾಗಿದ್ದರೆ ಇದು ಒಂದೇ ರೀತಿ ಸಾಧ್ಯ. ಖಾಲಿ ಟ್ಯಾಂಕಿಗೆ ಚೊಂಬು ಚೊಂಬಾಗಿ ನೀರು ಸುರಿದು, ಕೋಲಿನ ತುದಿ ಒದ್ದೆಯಾಗುವವರೆಗೆ ಎಣಿಸಿದ್ದಾರೆ. ಹತ್ತು ಸಾವಿರ ಲೀಟರ್ ತುಂಬುವವರೆಗೂ ಹಾಗೇ. ಮುಕ್ಕಾಲು ಲೀಟರಿನ ವ್ಯತ್ಯಾಸ ಅವರ ಕೈಯಿಂದ ಆಚೆ ಚೆಲ್ಲಿದ್ದು.

ನಾನು ಅತ್ತೆ. ನಾಚಿಕೆಯಿಲ್ಲದೆ, ಮೂಗು ಸೀಟಿಕೊಂಡು ಅತ್ತೆ. ಅವರು ಸುಳ್ಳು ಬರೆದಿರಲಿಲ್ಲ, ನಾನೂ ಬರೆದಿರಲಿಲ್ಲ. ಇವಳು ಬೆನ್ನು ಸವರಿದಳು, ಆಮೇಲೆ ಪ್ರೋಗ್ರಾಂ ಸೇವ್ ಮಾಡಿದ್ದೀರಾ ಅಕ್ಕ ಅಂತ ಕೇಳಿದಳು. ಮಾಡಿರಲಿಲ್ಲ.

ಮಾರ್ಚ್ ೨೮, ಶುಕ್ರವಾರ

ನಲ್ಲಿ ಕೂರಿಸಿದರು. ಸಂಜೆ ಇವಳು ಕಾಲೇಜಿನಿಂದ ನೇರ ಡೈರಿಗೇ ಬಂದಳು, ಸ್ವಂತ ಗಂಬೂಟು ಕೊಂಡುಕೊಂಡು. ಮೂರನೇ ಟ್ಯಾಂಕು: ಉದ್ದ ನಾಲ್ಕೂವರೆ ಮೀಟರ್, ತ್ರಿಜ್ಯ ಎಂಬತ್ತು, ಇಳಿಜಾರು ಒಂಬತ್ತು ಸೆಂಟಿಮೀಟರ್, ಬಾಯಿ ನಲ್ಲಿಯಿಂದ ಮೂರು ಮೀಟರ್ ಎಪ್ಪತ್ತೈದು. ಎರಡೆರಡು ಸಲ ಅಳೆದೆವು. ಪಟ್ಟಿ ಪ್ರಿಂಟ್ ಆಯಿತು, ನೂರ ಅರವತ್ತೊಂದು ಸಾಲು.

ಅವಳು ಟಿಫಿನ್ ಡಬ್ಬಿಯನ್ನು ಡೈರಿಯಲ್ಲೇ ಮರೆತು ಹೊರಟಿದ್ದಳು. ಮರೆವು ಅಂದರೆ ಮರೆವು. ನಾನೇ ತಂದು ತೊಳೆದು ಇಟ್ಟಿದ್ದೇನೆ.

ಮಾರ್ಚ್ ೩೧, ಸೋಮವಾರ

ಹತ್ತು ಗಂಟೆಗೆ ಟ್ಯಾಂಕರ್ ಬಂತು. ತೂಕದ ಚೀಟಿಯ ಪ್ರಕಾರ ನಾಲ್ಕು ಸಾವಿರದ ಎಂಟುನೂರು ಲೀಟರ್. ಮ್ಯಾನೇಜರ್ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಕೆಳಗೆ ನಿಂತರು. ನಾನು ಅದನ್ನು ನೋಡಿರಲಿಲ್ಲ, ಆಮೇಲೆ ತಿಳಿದದ್ದು.

ಇಳಿಸಿ ಮುಗಿಯಲು ಮುಕ್ಕಾಲು ಗಂಟೆ. ನೊರೆ ಇಳಿಯಲಿ ಅಂತ ಇನ್ನೂ ಇಪ್ಪತ್ತು ನಿಮಿಷ ಕಾದೆ. ಮ್ಯಾನೇಜರ್ ಎರಡು ಸಲ ಗಡಿಯಾರ ನೋಡಿದರು. ನೋಡಿಕೊಳ್ಳಲಿ. ಕೋಲು ಇಳಿಸಿದೆ, ತಳ ಬೆರಳಿಗೆ ಸಿಕ್ಕಿತು, ಎತ್ತಿದೆ. ಎಂಬತ್ತು ಪಾಯಿಂಟ್ ಏಳು. ಮೂರು ಸಲವೂ ಅದೇ. ಪಟ್ಟಿಯಲ್ಲಿ ಎಂಬತ್ತರ ಎದುರು ನಾಲ್ಕು ಸಾವಿರದ ಏಳುನೂರ ನಲವತ್ತು, ಎಂಬತ್ತೊಂದರ ಎದುರು ನಾಲ್ಕು ಸಾವಿರದ ಎಂಟುನೂರ ಹನ್ನೆರಡು. ನಡುವಿನದನ್ನು ಬಾಯಲ್ಲೇ ಮಾಡಿ, ಏಣಿಯ ಮೇಲಿಂದಲೇ ಹೇಳಿದೆ: ನಾಲ್ಕು ಸಾವಿರದ ಏಳುನೂರ ತೊಂಬತ್ತು.

ಅವರು ಚೀಟಿ ತೆಗೆದು ನೋಡಿದರು. ಮತ್ತೊಮ್ಮೆ ನೋಡಿದರು. ಆ ಹತ್ತು ಲೀಟರ್ ಟ್ಯಾಂಕರಿನ ಪೈಪಿನಲ್ಲಿ ಉಳಿದಿರುತ್ತೆ ಸಾರ್ ಅಂದೆ. ಚಾಲಕ ಪೈಪು ಬಿಚ್ಚಿ ಬಕೆಟ್ಟಿಗೆ ಬಸಿದ. ಒಂದು ಬಕೆಟ್ ತುಂಬುವುದಕ್ಕೆ ಸ್ವಲ್ಪ ಕಡಿಮೆ ಬಂತು.

ಯಂತ್ರದ ಮಾತು ಬಿಟ್ಟೆ, ಪ್ಯಾಕಿಂಗಿಗೆ ಬೇರೆ ಯಾರನ್ನಾದರೂ ನೋಡುತ್ತೇನೆ ಅಂದರು. ಇಷ್ಟು ವರ್ಷದಲ್ಲಿ ಅವರಿಗೆ ನಾನು ಮೊದಲ ಸಲ ಮನಸಾರೆ ನಮಸ್ಕಾರ ಹೇಳಿದೆ. ಆಮೇಲೆ ಪಟ್ಟಿಯ ಕೆಳಗೆ ತಯಾರಿಸಿದವರ ಸಹಿ ಬೇಕು ಅಂದರು. ನನ್ನದು ಹಾಕಿ, ಪಕ್ಕದಲ್ಲಿ ಜಾಗ ಬಿಟ್ಟು ಇನ್ನೊಂದು ಗೀಟು ಎಳೆದೆ. ಇದು ಯಾರಿಗೆ ಅಂತ ಕೇಳಿದರು.

“ನನ್ನ ತಂಗಿಗೆ. ನಾವಿಬ್ಬರೂ ಸೇರಿ ಮಾಡಿದ್ದು ಸಾರ್.”

ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ, ನಿಮಗೆ ತಂಗಿ ಇರುವುದು ಹೇಳಿಯೇ ಇರಲಿಲ್ಲವಲ್ಲ ಅಂದರು. ಹೇಳೋಕೇನಿದೆ, ಒಂದೇ ಮನೇಲಿದ್ದೀವಿ ಅಂದೆ. ಅವರು ಯಾಕೋ ನನ್ನ ಮುಖ ನೋಡಿದರು.

ಪಟ್ಟಿ ಮನೆಗೆ ತಂದಿದ್ದೇನೆ. ಅವಳು ಬಂದು ಸಹಿ ಹಾಕಿದ ಮೇಲೆ ನಾಳೆ ಗೋಡೆಗೆ. ಆರೂವರೆಯಾಯಿತು, ಇನ್ನೂ ಬಂದಿಲ್ಲ. ಬಸ್ಸು ತಡವಾಗಿರಬೇಕು. ಸ್ಟಾಪಿನವರೆಗೆ ಹೋಗಿ ನೋಡಿಕೊಂಡು ಬರುತ್ತೇನೆ.